ಹನ್ನೊಂದನೇ ಹಾಸಿಗೆಯ ಪಾಸ್‌ಪೋರ್ಟ್

ರಿಫಾ, ಬಹ್ರೈನ್
12 ಜನವರಿ 2024, ಶುಕ್ರವಾರ

ಪ್ರೀತಿಯ ಆಂತೋನಿ ಬಾಪ್ಪು,

ನಿಮ್ಮ ತಮ್ಮನ ಮಗಳು ವಿನಿತಾ ಬರೆಯುವುದು. ಕ್ರಿಸ್ಮಸ್ ಕಾರ್ಡಿನಲ್ಲಿ ಎರಡು ಸಾಲು ಗೀಚುವವಳು ಇಷ್ಟುದ್ದ ಕಾಗದ ಯಾಕೆ ಬರೆದಳು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಕೆಲಸವಿದೆ.

ಇಲ್ಲಿನ ನಮ್ಮ ಕನ್ನಡದವರ ಸಂಘ ಸ್ಮರಣ ಸಂಚಿಕೆಯೊಂದನ್ನು ತರುತ್ತಿದೆ. ಸಂಪಾದಕರು ಸುಧೀಂದ್ರ ರಾಯರು. ಊರಿನವರು ಹೊರದೇಶದಲ್ಲಿ ಮಾಡಿದ ಅಪರೂಪದ ಉದ್ಯೋಗಗಳ ಬಗ್ಗೆ ಬರಹ ಬೇಕು ಎಂದು ಅವರು ಮೀಟಿಂಗಿನಲ್ಲಿ ಹೇಳಿದಾಗ, ನಾನು ಕೈಯೆತ್ತಿ ನಿಮ್ಮ ಹೆಸರು ಹೇಳಿದೆ. ಬಜ್ಪೆಯಿಂದ ಹೊರಟು, ಹಡಗು ಹತ್ತಿ ಹೋಗಿ, ಯುರೋಪಿನ ರೈಲುಗಳ ಆ ಮಲಗುವ ಡಬ್ಬಿಗಳ ಕಂಪೆನಿಯಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು ಜಿಲ್ಲೆಗೆ ನೀವೊಬ್ಬರೇ ಇರಬೇಕು. ಕಂಪೆನಿಯ ಚರಿತ್ರೆ, ನಿಮ್ಮ ಅನುಭವ, ಎಲ್ಲ ಬರೆಯಿರಿ. ಕನ್ನಡ ಮರೆತಿದ್ದೇನೆ ಎಂದು ಜಾರಿಕೊಳ್ಳಬೇಡಿ, ನಿಮ್ಮ ಅಕ್ಷರ ನನ್ನದಕ್ಕಿಂತ ದುಂಡು.

ನೀವು 1988ರಲ್ಲಿ ಊರಿಗೆ ಬಂದಾಗ ನನಗೆ ಹತ್ತು ವರ್ಷ. ನಿಮ್ಮ ಕಂದು ಟೋಪಿ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿದ್ದು ನೆನಪಿದೆ. ನೀವು ಹೇಳಿದ್ದ ಒಂದು ಮಾತೂ ನೆನಪಿದೆ: ಪ್ರಯಾಣಿಕರು ಪಾಸ್‌ಪೋರ್ಟನ್ನು ನಿಮ್ಮ ಕೈಗೆ ಕೊಟ್ಟು ಮಲಗುತ್ತಿದ್ದರು, ಗಡಿ ಬಂದರೂ ಅವರಿಗೆ ಎಚ್ಚರವಾಗದಂತೆ ನೀವು ನೋಡಿಕೊಳ್ಳುತ್ತಿದ್ದಿರಿ ಎಂದು. ಜುಫೇರಿನ ಹೋಟೆಲಿನಲ್ಲಿ ನಾನು ಈಗ ಹೌಸ್‌ಕೀಪಿಂಗ್ ಮ್ಯಾನೇಜರ್. ಕೈಕೆಳಗೆ ಇಪ್ಪತ್ತೆರಡು ಹುಡುಗಿಯರು. ಸೇವೆ ಅಂದರೆ ಏನು ಎಂದು ಅವರಿಗೆ ಕಲಿಸುವಾಗ ನಿಮ್ಮ ಕಥೆಯನ್ನೇ ಹೇಳುವುದು.

ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ವಾಟ್ಸಾಪ್ ನಿಮಗೆ ಬೇಡ. ಹಾಗಾಗಿ ಟಪಾಲೇ ಗತಿ. ಇಲ್ಲಿ ಕಾಗದ ಮನೆ ಬಾಗಿಲಿಗೆ ಬರುವುದಿಲ್ಲ. ಬ್ರಯಾನ್ ಸಿತ್ರಾದ ಡ್ಯೂಟಿಯಿಂದ ಬಿಡುವಾದಾಗ, ಹದಿನೈದು ದಿನಕ್ಕೊಮ್ಮೆ ಹೋಗಿ ಪೋಸ್ಟ್ ಬಾಕ್ಸ್ ತೆರೆಯುತ್ತಾರೆ. ತಡವಾದರೆ ಗಂಡನನ್ನು ಬೈಯಿರಿ, ನನ್ನನ್ನಲ್ಲ.

ನಿಮ್ಮ ವಿನಿತಾ


ಓಸ್ಟೆಂಡ್, ಬೆಲ್ಜಿಯಂ
4 ಫೆಬ್ರವರಿ 2024

ಪ್ರೀತಿಯ ಮಗಳೇ ವಿನಿತಾ,

ನಿನ್ನ ಕಾಗದ ತಲುಪಿತು. ನಿನ್ನ ದೊಡ್ಡಮ್ಮ ಗರ್ಟ್ರೂಡ್ ತೀರಿಕೊಂಡ ಮೇಲೆ ಈ ಮನೆಯಲ್ಲಿ ಇಷ್ಟುದ್ದದ ಕನ್ನಡ ಕಾಗದ ಕಂಡದ್ದು ಇದೇ ಮೊದಲು. ಎರಡು ಸಲ ಓದಿದೆ.

ಚರಿತ್ರೆ ಕೇಳಿದ್ದೀಯಲ್ಲ, ಕೇಳು. ನೂರೈವತ್ತು ವರ್ಷಗಳ ಹಿಂದೆ ಇದೇ ದೇಶದ ಶ್ರೀಮಂತರ ಮನೆಯ ಯುವಕನೊಬ್ಬ, ತನಗಿಂತ ಹಿರಿಯಳಾದ ಬಂಧುವನ್ನು ಪ್ರೀತಿಸಿ, ಅದು ಕೈಗೂಡದೆ, ಮನಸ್ಸು ತಿಳಿಯಾಗಲೆಂದು ಅಮೆರಿಕಕ್ಕೆ ಹೋದ. ಅಲ್ಲಿ ರೈಲಿನಲ್ಲಿ ಹಾಸಿಗೆ ಹಾಕಿ ಮಲಗಿಸುವುದನ್ನು ಕಂಡ. ಹಿಂತಿರುಗಿ ಬಂದು ಕಂಪೆನಿ ಕಟ್ಟಿದ. ಆಗ ಯುರೋಪಿನಲ್ಲಿ ಒಂದೊಂದು ದೇಶಕ್ಕೂ ಒಂದೊಂದು ರೈಲ್ವೆ, ಗಡಿಗಡಿಯಲ್ಲಿ ಇಳಿದು ಗಾಡಿ ಬದಲಿಸಬೇಕು. ಅವನ ಡಬ್ಬಿಗಳು ಮಾತ್ರ ಒಂದು ಎಂಜಿನ್ ಬಿಟ್ಟು ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡು ದೇಶದಿಂದ ದೇಶಕ್ಕೆ ಹೋಗುತ್ತಿದ್ದವು. 1883ರಲ್ಲಿ ಪ್ಯಾರಿಸಿನಿಂದ ಕಾನ್‌ಸ್ಟಾಂಟಿನೋಪಲ್ ಕಡೆಗೆ ಹೊರಟ ಗಾಡಿಯ ಹೆಸರು ನೀನೂ ಕೇಳಿರುತ್ತಿ. ಮೊದಲು ತೇಗದ ಡಬ್ಬಿಗಳು, ಆಮೇಲೆ ಉಕ್ಕಿನವು: ನೀಲಿ ಬಣ್ಣ, ಚಿನ್ನದ ಅಕ್ಷರ. ಮೊದಲನೇ ಮಹಾಯುದ್ಧ ನಿಂತದ್ದು ನಮ್ಮ ಕಂಪೆನಿಯ ಊಟದ ಡಬ್ಬಿಯ ಮೇಜಿನ ಮೇಲೆ ರುಜು ಬಿದ್ದಾಗ. ಇಪ್ಪತ್ತೆರಡು ವರ್ಷದ ನಂತರ, ಗೆದ್ದವರು ಸೋತು, ಅದೇ ಡಬ್ಬಿಯಲ್ಲಿ ಮತ್ತೆ ಕುಳಿತು ರುಜು ಹಾಕಿದರು.

ನಾನು ಸೇರಿದ್ದು 1973ರಲ್ಲಿ. ಕಂದು ಸಮವಸ್ತ್ರ, ಟೋಪಿ. ಓಣಿಯ ಕೊನೆಯಲ್ಲಿ ಗೋಡೆಗೆ ಮಡಚುವ ಒಂದು ಪುಟ್ಟ ಸೀಟು, ಅದೇ ನನ್ನ ಜಾಗ. ಯಾರಾದರೂ ಗುಂಡಿ ಒತ್ತಿದರೆ ಫಲಕದಲ್ಲಿ ಹಾಸಿಗೆಯ ನಂಬರು ಬೀಳುತ್ತಿತ್ತು. ಪ್ರತಿ ಕೋಣೆಯ ಗೋಡೆಯಲ್ಲಿ ಎರಡೂ ಕಡೆ ಬಾಗಿಲಿದ್ದ ಸಣ್ಣ ಗೂಡು. ಪ್ರಯಾಣಿಕರು ಒಳಗಿನಿಂದ ಬೂಟು ಇಡುತ್ತಿದ್ದರು, ನಾನು ಹೊರಗಿನಿಂದ ತೆಗೆದು ಪಾಲಿಶ್ ಮಾಡಿ ಇಡುತ್ತಿದ್ದೆ. ಇನ್ನು ಪಾಸ್‌ಪೋರ್ಟು. ಸಂಜೆ ಎಲ್ಲರದ್ದನ್ನೂ ತೆಗೆದುಕೊಂಡು ನನ್ನ ಮೇಜಿನ ಖಾನೆಯಲ್ಲಿ ಇಡುವುದು, ಗಡಿಯಲ್ಲಿ ಪೊಲೀಸರು ಹತ್ತಿದರೆ ನಾನೇ ತೋರಿಸುವುದು. ರಾಜರದ್ದೂ ವ್ಯಾಪಾರಿಗಳದ್ದೂ ಒಂದೇ ಖಾನೆಯಲ್ಲಿ ಇರುತ್ತಿದ್ದವು. ಮೂವತ್ತು ವರ್ಷದಲ್ಲಿ ಒಂದೇ ಒಂದು ಪಾಸ್‌ಪೋರ್ಟನ್ನೂ ನಾನು ಕಳೆದಿಲ್ಲ. ಇದನ್ನು ಅಚ್ಚು ಹಾಕಿಸು.

ಆಶೀರ್ವಾದಗಳೊಂದಿಗೆ,
ಆಂತೋನಿ ಬಾಪ್ಪು


ರಿಫಾ
8 ಮಾರ್ಚ್ 2024, ಶುಕ್ರವಾರ

ಪ್ರೀತಿಯ ಬಾಪ್ಪು,

ಸುಧೀಂದ್ರ ರಾಯರು ನಿಮ್ಮ ಕಾಗದ ಓದಿ ಕುಣಿದಾಡುವುದೊಂದು ಬಾಕಿ. "ಇದು ಬರಹ ಅಲ್ಲ ಮಾರಾಯ್ತಿ, ಖಜಾನೆ!" ಅಂದರು. ಪಾಸ್‌ಪೋರ್ಟಿನ ಪ್ಯಾರಾವನ್ನು ಪೆಟ್ಟಿಗೆ ಕಟ್ಟಿ ದಪ್ಪ ಅಕ್ಷರದಲ್ಲಿ ಹಾಕುತ್ತಾರಂತೆ.

ಕಳೆದ ವಾರ ಕಾರ್ ರೇಸಿನ ಗದ್ದಲ. ಹೋಟೆಲಿನಲ್ಲಿ ಒಂದು ಕೋಣೆಯೂ ಖಾಲಿ ಇರಲಿಲ್ಲ. ಅದು ಮುಗಿದ ಮರುದಿನ ಹುಡುಗಿಯರನ್ನೆಲ್ಲ ಲಿನನ್ ರೂಮಿನಲ್ಲಿ ಕೂರಿಸಿ ನಿಮ್ಮ ಕಾಗದವನ್ನು ಓದಿ, ಹಿಂದಿಯಲ್ಲಿ ಅರ್ಥ ಹೇಳಿದೆ. ಆಮೇಲೆ ನನಗೊಂದು ಉಪಾಯ ಹೊಳೆಯಿತು. ಇವರು ಒಂದು ಕೋಣೆಯಲ್ಲಿ ಆರಾರು ಜನ ಇರುವವರು. ಪಾಸ್‌ಪೋರ್ಟು ತಲೆದಿಂಬಿನಡಿಯಲ್ಲೋ ಸೂಟ್‌ಕೇಸಿನಲ್ಲೋ. ಕಳೆದರೆ ಎಂಬೆಸಿ, ಪೊಲೀಸ್ ಎಂದು ತಿಂಗಳುಗಟ್ಟಲೆ ಅಲೆಯಬೇಕು. ಹಾಗಾಗಿ ಎಲ್ಲರದ್ದೂ ತರಿಸಿ, ನೀಲಿ ಬಿಸ್ಕೆಟ್ ಡಬ್ಬಿಯಲ್ಲಿ ಜೋಡಿಸಿ, ನನ್ನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಒಂದೊಂದಕ್ಕೂ ಸ್ಟಾಫ್ ನಂಬರಿನ ಚೀಟಿ ಅಂಟಿಸಿದ್ದೇನೆ. ಡಬ್ಬಿಯ ಬಣ್ಣ ಕೂಡ ನಿಮ್ಮ ರೈಲಿನದ್ದೇ, ನೋಡಿ!

ಬ್ರಯಾನ್ ಮಾತ್ರ, "ಬೇರೆಯವರ ಪಾಸ್‌ಪೋರ್ಟ್ ಇಟ್ಕೊಳ್ಳುದು ಇಲ್ಲಿ ಕಾನೂನಿಗೆ ವಿರುದ್ಧ. ನಿಂಗೆ ಇಲ್ಲದ ಉಸಾಬರಿ ಎಂತಕ್ಕೆ?" ಎಂದು ಗೊಣಗುತ್ತಿದ್ದಾರೆ. ನಾನೇನು ಕದ್ದಿದ್ದೇನೆಯೇ? ಕಾಪಾಡುತ್ತಿದ್ದೇನೆ.

ಹುಡುಗಿಯರೆಲ್ಲ ಕೇಳಿದ ಕೂಡಲೇ ತಂದುಕೊಟ್ಟರು. ಉಳ್ಳಾಲದ ಝುಲ್ಫಾ ಒಬ್ಬಳು ಮಾತ್ರ ದಿನ ಬಿಟ್ಟು ದಿನ ಬಂದು, "ಅಕ್ಕ, ಒಂದ್ಸಲ ನೋಡಿ ಕೊಡ್ತೇನೆ" ಅನ್ನುತ್ತಾಳೆ. ತೆರೆದು ತನ್ನ ಫೋಟೋ ನೋಡಿ ವಾಪಸು ಕೊಡುತ್ತಾಳೆ. ಮಕ್ಕಳ ಹಾಗೆ. ನಗು ಬರುತ್ತದೆ.

ಯುದ್ಧದ ನಂತರ ಕಂಪೆನಿಗೆ ಏನಾಯಿತು? ಮುಂದಿನ ಭಾಗ ಬೇಗ ಕಳಿಸಿ.

ನಿಮ್ಮ ವಿನಿತಾ


ಓಸ್ಟೆಂಡ್
2 ಏಪ್ರಿಲ್ 2024

ಮಗಳೇ ವಿನಿತಾ,

ಈಸ್ಟರ್ ಪಾಸ್ಕಾ ಹಬ್ಬದ ಶುಭಾಶಯ. ಉತ್ತರ ತಡವಾಯಿತು. ಕೈ ನಡುಗುತ್ತದೆ, ಅದು ವಯಸ್ಸು.

ಯುದ್ಧದ ನಂತರ ವಿಮಾನ ಬಂತು. ದುಡ್ಡಿದ್ದವರು ಆಕಾಶಕ್ಕೆ ಹೋದರು, ನಮ್ಮ ಗಾಡಿಯಲ್ಲಿ ಉಳಿದವರು ಕೂಲಿಗಾಗಿ ದೇಶ ಬಿಟ್ಟವರು, ವಿದ್ಯಾರ್ಥಿಗಳು, ಅಳುತ್ತ ಹೋಗುವವರು. ನಾನು ಸೇರುವ ಎರಡು ವರ್ಷ ಮೊದಲೇ ಕಂಪೆನಿ ತನ್ನ ಡಬ್ಬಿಗಳನ್ನು ಆಯಾ ದೇಶದ ರೈಲ್ವೆಗಳಿಗೆ ಬಿಟ್ಟುಕೊಟ್ಟಿತ್ತು. ಸೇವೆ ಮಾತ್ರ ನಮ್ಮದು. ಚಿನ್ನದ ಅಕ್ಷರ ಮಾಸಿತ್ತು, ಓಣಿಯ ಜಮಖಾನೆ ಹರಿದಿತ್ತು, ಊಟದ ಡಬ್ಬಿಯನ್ನು ತೆಗೆದುಹಾಕಿದ್ದರು. ಆದರೂ ನಾವು ಬೂಟು ಪಾಲಿಶ್ ಮಾಡುವುದು ಬಿಡಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಇಸ್ತಾಂಬುಲಿಗೆ ನೇರ ಹೋಗುತ್ತಿದ್ದ ಗಾಡಿ 1977ರಲ್ಲಿ ನಿಂತಿತು. ನಂತರ ಕಂಪೆನಿ ಹೋಟೆಲಿನವರ ಕೈಗೆ ಹೋಯಿತು. ಚರಿತ್ರೆ ಇಷ್ಟೇ.

ಎರಡು ಮಾತು. ನಾನು ಪಾಸ್‌ಪೋರ್ಟು ಇಟ್ಟುಕೊಳ್ಳುತ್ತಿದ್ದದ್ದು ಒಂದು ರಾತ್ರಿಗೆ. ಬೆಳಿಗ್ಗೆ ಕಾಫಿಯ ತಟ್ಟೆಯಲ್ಲಿಟ್ಟು ಹಿಂತಿರುಗಿಸುತ್ತಿದ್ದೆ. ನಿನ್ನ ಡಬ್ಬಿಯಲ್ಲಿ ಎಷ್ಟು ರಾತ್ರಿ ಆಯಿತು?

ಇನ್ನೊಂದು, ಪಾಸ್‌ಪೋರ್ಟಿನ ಪ್ಯಾರಾವನ್ನು ಅಚ್ಚು ಹಾಕಬೇಡಿ. ತೆಗೆದುಬಿಡಿ.

ಆಂತೋನಿ


ರಿಫಾ
19 ಏಪ್ರಿಲ್ 2024, ಶುಕ್ರವಾರ

ಪ್ರೀತಿಯ ಬಾಪ್ಪು,

ಮಂಗಳವಾರ ಇಲ್ಲಿ ಆಕಾಶ ಹರಿದ ಹಾಗೆ ಮಳೆ. ರಸ್ತೆಯಲ್ಲಿ ಕಾರು ತೇಲಿದವು. ಅದೇ ನೀರಿನಲ್ಲಿ ನಡೆದು ಹೋಗಿ ಬ್ರಯಾನ್ ನಿಮ್ಮ ಕಾಗದ ತಂದರು, ಆದ್ದರಿಂದ ಈ ಸಲ ಅವರನ್ನು ಬೈಯುವ ಹಾಗಿಲ್ಲ.

ಆ ಪ್ಯಾರಾ ತೆಗೆಯುವುದಿಲ್ಲ! ಸುಧೀಂದ್ರ ರಾಯರು ಒಪ್ಪುವುದೇ ಇಲ್ಲ. ವಯಸ್ಸಾದವರಿಗೆ ಸ್ವಂತ ಹೊಗಳಿಕೆ ಓದುವಾಗ ನಾಚಿಕೆಯಾಗುತ್ತದೆ, ನನಗೆ ಗೊತ್ತು. ಡ್ಯಾಡಿಯೂ ಹಾಗೆಯೇ ಇದ್ದರು. ನೀವು ಸುಮ್ಮನಿರಿ.

ಎಷ್ಟು ರಾತ್ರಿ ಎಂದು ತಮಾಷೆ ಮಾಡಿದ್ದೀರಿ. ಹೋಟೆಲ್ ಅಂದರೆ ನಿಲ್ಲದ ರೈಲು, ಬಾಪ್ಪು. ಬೆಳಗು ಅನ್ನುವುದೇ ಇಲ್ಲ. ರಂಜಾನ್ ಮುಗಿದು ಈದ್ ಬಂದರೆ ಸೌದಿಯಿಂದ ಸೇತುವೆ ದಾಟಿ ಕುಟುಂಬ ಕುಟುಂಬವೇ ಬರುತ್ತದೆ. ನಾಲ್ಕು ದಿನ ನಾನು ಮನೆಗೆ ಬಂದದ್ದು ಸ್ನಾನಕ್ಕೆ ಮಾತ್ರ.

ಅದೇ ಹೊತ್ತಿಗೆ ಝುಲ್ಫಾಳ ರಾಗ ಶುರುವಾಗಿದೆ. ತಾಯಿಗೆ ಕಿಡ್ನಿ ಹೋಗಿದೆಯಂತೆ, ದೇರಳಕಟ್ಟೆಯ ಆಸ್ಪತ್ರೆಯಲ್ಲಿದ್ದಾರಂತೆ. "ಪಾಸ್‌ಪೋರ್ಟ್ ಕೊಡಿ ಅಕ್ಕ, ಹತ್ತು ದಿನದಲ್ಲಿ ವಾಪಸ್ ಬರ್ತೇನೆ. ಅಲ್ಲಾಹನ ಮೇಲಾಣೆ." ಓಡಿಹೋಗಬೇಕು ಎಂದು ತೀರ್ಮಾನಿಸಿದ ಹುಡುಗಿಯರಿಗೆಲ್ಲ ಇದ್ದಕ್ಕಿದ್ದಂತೆ ತಾಯಿಗೆ ಕಾಯಿಲೆ ಬರುತ್ತದೆ. ಇಪ್ಪತ್ತು ವರ್ಷದಲ್ಲಿ ಎಷ್ಟು ನೋಡಿಲ್ಲ ನಾನು? ಈ ರಶ್ ಮುಗಿಯಲಿ, ಮೇ ಕೊನೆಗೆ ನೋಡುವ ಎಂದಿದ್ದೇನೆ. ಈಗ ಅವಳು ಪಾಸ್‌ಪೋರ್ಟ್ ತೆರೆದು ನೋಡುವುದಕ್ಕೂ ಬರುವುದಿಲ್ಲ. ಸಿಟ್ಟು ಇರಬೇಕು.

ನಿಮ್ಮ ಹಳೆಯ ಫೋಟೋ ಒಂದಿದ್ದರೆ ಕಳಿಸಿ, ಟೋಪಿ ಸಮೇತ.

ವಿನಿತಾ


ಓಸ್ಟೆಂಡ್
6 ಮೇ 2024

ವಿನಿತಾ,

ಫೋಟೋ ಇಲ್ಲ. ಇದನ್ನು ಓದು. ಓದಿ ಮುಗಿಸುವ ಮೊದಲೇ ಆ ಹುಡುಗಿಯ ಪಾಸ್‌ಪೋರ್ಟು ಕೊಡಬೇಕೆನ್ನಿಸಿದರೆ ಎದ್ದು ಹೋಗು, ಉಳಿದದ್ದನ್ನು ಆಮೇಲೆ ಓದು.

1976ರ ನವೆಂಬರ್. ಇಸ್ತಾಂಬುಲಿನಿಂದ ಪ್ಯಾರಿಸಿಗೆ ಬರುವ ಗಾಡಿ. ಹನ್ನೊಂದನೇ ಹಾಸಿಗೆಯಲ್ಲಿ ಒಬ್ಬ ಹೆಂಗಸು, ಮೂವತ್ತರ ಒಳಗಿನವಳು. ಬೂದು ಬಣ್ಣದ ಕೋಟು. ಒಂಟಿ. ಎಲ್ಲರಂತೆ ಅವಳೂ ಪಾಸ್‌ಪೋರ್ಟು ಕೊಟ್ಟಳು, ಬೂಟು ಗೂಡಿನಲ್ಲಿಟ್ಟಳು.

ಐದಾರು ಗಂಟೆ ಕಳೆದ ಮೇಲೆ ನನ್ನ ಸೀಟಿನ ಬಳಿ ಬಂದಳು. ನನ್ನದಕ್ಕಿಂತಲೂ ಹರಕು ಫ್ರೆಂಚಿನಲ್ಲಿ, "ನನ್ನದನ್ನು ಕೊಡಿ, ನಾನೇ ತೋರಿಸುತ್ತೇನೆ" ಅಂದಳು. ನನಗೆ ಚುರುಕ್ ಅಂದಿತು. ಆ ಕಾಲದಲ್ಲಿ ಈ ಕಪ್ಪು ಮೋರೆ ಕಂಡು, ನೀನು ನಿಜವಾಗಿ ಕಂಡಕ್ಟರನೇ ಎಂದು ಕೇಳುವವರಿದ್ದರು. ಇವಳೂ ನನ್ನನ್ನು ಕಳ್ಳ ಎಂದುಕೊಂಡಳು ಎಂದು ಭಾವಿಸಿದೆ. ನಗುನಗುತ್ತಲೇ ಹೇಳಿದೆ: "ಮದಾಮ್, ಈ ಡಬ್ಬಿಯಲ್ಲಿ ಯಾರೂ ತಾವೇ ತೋರಿಸುವ ಪದ್ಧತಿ ಇಲ್ಲ. ನೀವು ಮಲಗಿ." ಅದು ಸುಳ್ಳು. ಕೇಳಿದವರಿಗೆ ಕೊಡಲೇಬೇಕು, ಅದೇ ಪದ್ಧತಿ. ಗಡಿಗೆ ಮೊದಲು ಇನ್ನು ಎಷ್ಟು ಸ್ಟೇಷನ್ ಇದೆ ಎಂದು ಕೇಳಿದಳು. ಒಂದು, ಅಂದೆ. ಒಳಗೆ ಹೋದಳು.

ಆ ಸ್ಟೇಷನ್ ಬಂತು. ಗಾಡಿ ಹನ್ನೆರಡು ನಿಮಿಷ ನಿಂತಿತು. ಅವಳ ಕೋಣೆಯ ಬಾಗಿಲು ಒಮ್ಮೆ ತೆರೆಯಿತು, ನನ್ನನ್ನು ನೋಡಿದಳು, ಮುಚ್ಚಿದಳು. ಪಾಸ್‌ಪೋರ್ಟಿಲ್ಲದೆ ಎಲ್ಲಿ ಇಳಿಯುವುದು? ಅವಳು ಕೇಳಿದ್ದು ಅಲ್ಲಿ ಇಳಿಯುವುದಕ್ಕೆ ಎಂದು ನನಗೆ ತಿಳಿದದ್ದು ಗಡಿಯಲ್ಲಿ. ಮೂವರು ಪೊಲೀಸರು ಹತ್ತಿದರು, ಪಾಸ್‌ಪೋರ್ಟುಗಳ ಕಟ್ಟನ್ನು ತೆಗೆದುಕೊಂಡು ಕೆಳಗೆ ಹೋದರು, ತಿರುಗಿ ಬಂದು ಹನ್ನೊಂದು ಎಂದರು. ಅವಳು ಕಾಲುಚೀಲದಲ್ಲೇ ಓಣಿಗೆ ಬಂದಳು. ಬೂಟು ನನ್ನ ತೊಡೆಯ ಮೇಲಿತ್ತು. ಒಂದಕ್ಕೆ ಪಾಲಿಶ್ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ. ಕೊಡಬೇಕೆಂದು ಎದ್ದೆ, ಒಬ್ಬ ಪೊಲೀಸ್ ಕೈ ಅಡ್ಡ ಹಿಡಿದ. ಹೊರಗೆ ಮಂಜು ಬಿದ್ದಿತ್ತು. ಅರ್ಧ ಗಂಟೆಯಲ್ಲಿ ಗಾಡಿ ಹೊರಟಿತು.

ಅವಳು ಯಾರು, ಯಾಕೆ ಓಡುತ್ತಿದ್ದಳು, ಆಮೇಲೆ ಏನಾದಳು, ನನಗೆ ಗೊತ್ತಿಲ್ಲ. ಬೂಟನ್ನು ಪ್ಯಾರಿಸಿನಲ್ಲಿ ಕಳೆದ ವಸ್ತುಗಳ ಆಫೀಸಿಗೆ ಕೊಟ್ಟೆ. ಒಂದು ವರ್ಷ ಯಾರೂ ಕೇಳದ್ದರಿಂದ ನನಗೇ ಹಿಂತಿರುಗಿಸಿದರು. ಈಗಲೂ ಕಪಾಟಿನಲ್ಲಿದೆ. ಗರ್ಟ್ರೂಡ್ ಒಮ್ಮೆ ಕೇಳಿದಾಗ, ಯಾರೋ ಪ್ರಯಾಣಿಕರು ಮರೆತದ್ದು ಅಂದೆ. ಅವಳು ನಂಬಲಿಲ್ಲ, ಬೇರೇನೋ ಯೋಚಿಸಿದಳು. ಅದನ್ನೂ ತಿದ್ದಲಿಲ್ಲ.

ಒಂದು ಪಾಸ್‌ಪೋರ್ಟನ್ನೂ ಕಳೆದಿಲ್ಲ ಎಂದು ನಾನು ಬರೆದದ್ದು ನಿಜ. ಪಾಸ್‌ಪೋರ್ಟು ಕಳೆಯಲಿಲ್ಲ.

ಆ ಹುಡುಗಿ ತೆರೆದು ನೋಡಿ ವಾಪಸು ಕೊಡುತ್ತಾಳೆ ಎಂದು ಬರೆದು ನೀನು ನಕ್ಕಿದ್ದೀಯಲ್ಲ. ಅವಳು ಫೋಟೋ ನೋಡುತ್ತಿರಲಿಲ್ಲ ಮಗಳೇ. ಅದು ಇನ್ನೂ ಅಲ್ಲಿದೆಯೇ ಎಂದು ನೋಡುತ್ತಿದ್ದಳು. ಇವತ್ತೇ ಕೊಡು.

ಆಂತೋನಿ ಬಾಪ್ಪು


ರಿಫಾ
31 ಮೇ 2024, ಶುಕ್ರವಾರ

ಬಾಪ್ಪು,

ನಿಮ್ಮ ಕಾಗದದ ಮೇಲೆ ಇಲ್ಲಿನ ಮುದ್ರೆ ಮೇ 15ರದ್ದು. ಬ್ರಯಾನ್ ಪೋಸ್ಟ್ ಬಾಕ್ಸ್ ತೆರೆದದ್ದು 23ಕ್ಕೆ. ಝುಲ್ಫಾಳ ತಾಯಿ ತೀರಿಕೊಂಡದ್ದು 14ಕ್ಕೆ.

ಅವತ್ತು ಲಿನನ್ ರೂಮಿಗೆ ಹೋದಾಗ ಅವಳು ದಿಂಬಿನ ಕವರ್ ಮಡಚುತ್ತಿದ್ದಳು. ಫೋನನ್ನು ಶೆಲ್ಫಿಗೆ ಒರಗಿಸಿ ಇಟ್ಟಿದ್ದಳು, ಅದರಲ್ಲಿ ಊರಿನ ಮನೆ ಕಾಣುತ್ತಿತ್ತು, ಯಾರೋ ಓದುವ ಶಬ್ದ. "ಎಂತ ಆಯ್ತು?" ಅಂದೆ. "ಉಮ್ಮ ಹೋದ್ರು ಅಕ್ಕ. ಈಗ ಕೊಂಡೋಗ್ತಿದ್ದಾರೆ" ಅಂದಳು. ಕೈ ನಿಲ್ಲಿಸಲಿಲ್ಲ. ನಾನು ಅವಳ ಭುಜ ಮುಟ್ಟಿ, ಎರಡು ದಿನ ರೆಸ್ಟ್ ತೆಗೆದುಕೋ ಎಂದು ಹೇಳಿ ಹೊರಗೆ ಬಂದೆ. ಆಗಲೂ ಡಬ್ಬಿಯ ನೆನಪು ಬರಲಿಲ್ಲ ನನಗೆ. ಬಂತು, ಆದರೆ ನೆನಪು ಮಾಡಿಕೊಳ್ಳಲಿಲ್ಲ.

ನಿಮ್ಮಿಂದ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಫೆಬ್ರವರಿಯಲ್ಲಿ ರೇಸಿಗೆ ನಾಲ್ಕು ದಿನ ಇರುವಾಗ ನನ್ನ ಇಬ್ಬರು ಹುಡುಗಿಯರು ಕೆಲಸ ಬಿಟ್ಟು ಬೇರೆ ಕಡೆ ಸೇರಿದರು. ಇನ್ನೊಬ್ಬಳು ಹೋದರೆ ನಾನೂ ಹೋಗಬೇಕಾಗುತ್ತದೆ ಎಂದು ಮೇಲಿನವರು ಹೇಳಿದರು. ಪಾಸ್‌ಪೋರ್ಟು ಇಟ್ಟುಕೋ ಎಂದು ಅವರು ಯಾರೂ ಹೇಳಲಿಲ್ಲ. ಅದು ನನ್ನದೇ ಬುದ್ಧಿ. ಕಾರಣ ಹುಡುಕುತ್ತಿದ್ದೆ, ಅಷ್ಟರಲ್ಲಿ ನಿಮ್ಮ ಕಾಗದ ಬಂತು. ಎಷ್ಟು ರಾತ್ರಿ ಎಂದು ನೀವು ಕೇಳಿದಾಗ ತಮಾಷೆ ಅಂದುಕೊಂಡೆ ಎಂದು ಬರೆದೆನಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗಿತ್ತು ನನಗೆ.

23ರ ಸಂಜೆಯೇ ಡಬ್ಬಿ ಹಿಡಿದುಕೊಂಡು ಹುಡುಗಿಯರ ಅಕಾಮಡೇಶನ್ನಿಗೆ ಹೋದೆ. ಒಬ್ಬೊಬ್ಬರದ್ದೇ ಕೊಟ್ಟು ಕ್ಷಮೆ ಕೇಳಿದೆ. ಕೆಲವರು ನಕ್ಕರು, ಒಬ್ಬಳು ತೆಗೆದುಕೊಂಡವಳೇ ಬಾಗಿಲು ಹಾಕಿದಳು. ಝುಲ್ಫಾಳಿಗೆ, "ನಾಳೆಯ ಫ್ಲೈಟಿಗೇ ಹೋಗು, ಟಿಕೆಟ್ ನಾನು ಮಾಡ್ತೇನೆ" ಅಂದೆ. ಅವಳು ಪಾಸ್‌ಪೋರ್ಟಿನ ಮೇಲಿನ ನಂಬರ್ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಆಮೇಲೆ, "ಈಗ ಹೋಗಿ ಎಂತ ಮಾಡ್ಲಿಕ್ಕುಂಟು ಅಕ್ಕ?" ಅಂದಳು. ಮಾರನೇ ದಿನ ಕೆಲಸಕ್ಕೆ ಬಂದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅಜ್ಜಿ ಹೇಳುತ್ತಿದ್ದ ಗಾದೆ ನನ್ನ ಮೇಲೆಯೇ ಬೀಳುತ್ತದೆಂದು ಗೊತ್ತಿರಲಿಲ್ಲ.

ನಿಮ್ಮ ಕಾಗದವನ್ನು ಅವಳಿಗೆ ಓದಲು ಕೊಟ್ಟೆ. ಕನ್ನಡ ಶಾಲೆಯಲ್ಲಿ ಓದಿದವಳು. ನಿಂತುಕೊಂಡೇ ಓದಿದಳು. ಮಡಚಿ ಕೊಡುವಾಗ ಒಂದೇ ಪ್ರಶ್ನೆ ಕೇಳಿದಳು: "ಆ ಹೆಂಗ್ಸಿನ ಹೆಸ್ರು ಎಂತ ಅಕ್ಕ?" ನೀವು ಬರೆದಿಲ್ಲ. ಪಾಸ್‌ಪೋರ್ಟು ನಿಮ್ಮ ಕೈಯಲ್ಲೇ ಇತ್ತಲ್ಲ. ಅವಳಿಗೆ ಏನು ಹೇಳಲಿ?

ಸುಧೀಂದ್ರ ರಾಯರಿಗೆ ಹೇಳಿದ್ದೇನೆ. ನೀವು ಒಪ್ಪಿದರೆ ಪೆಟ್ಟಿಗೆಯ ಪ್ಯಾರಾ ತೆಗೆದು ನಿಮ್ಮ ಈ ಮೇ ತಿಂಗಳ ಕಾಗದ ಹಾಕುತ್ತೇವೆ. ಅದರ ಕೆಳಗೆ ನನ್ನದು, ನನ್ನ ಹೆಸರಿನೊಂದಿಗೆ. ಹೋಟೆಲಿನವರು ಓದಿದರೆ ಏನಾಗುತ್ತದೆ ಎಂದು ಬ್ರಯಾನ್ ಕೇಳಲಿಲ್ಲ. ಹಾಕು ಅಂದರು.

ವಿನಿತಾ


ಓಸ್ಟೆಂಡ್
17 ಜೂನ್ 2024

ಪ್ರೀತಿಯ ಮಗಳೇ,

ಅಚ್ಚು ಹಾಕಿಸು. ಒಂದಕ್ಷರವನ್ನೂ ತಿದ್ದಬೇಡಿ.

ಆದರೆ ಒಂದು ಲೆಕ್ಕ ನೀನು ಬಿಟ್ಟಿದ್ದೀ. ಡಬ್ಬಿಯ ಬಗ್ಗೆ ನೀನು ಬರೆದ ಕಾಗದ ನನಗೆ ತಲುಪಿದ್ದು ಮಾರ್ಚ್ 18ಕ್ಕೆ. ಓದಿದ ಕೂಡಲೇ ನನಗೆ ಆ ಬೂಟಿನ ನೆನಪಾಯಿತು. ಹದಿನೈದು ದಿನ ಸುಮ್ಮನೆ ಕುಳಿತೆ. ಆಮೇಲೆ ಬರೆದಾಗಲೂ ಎಷ್ಟು ರಾತ್ರಿ ಆಯಿತು ಎಂದು ಒಗಟಿನ ಹಾಗೆ ಕೇಳಿ, ಕೈ ನಡುಗುವುದು ವಯಸ್ಸಿನಿಂದ ಎಂದು ಸುಳ್ಳು ಬರೆದೆ. ಆಗಲೇ ಎಲ್ಲ ಹೇಳಿದ್ದರೆ ಆ ಹುಡುಗಿ ತಾಯಿಯ ಮುಖ ನೋಡುತ್ತಿದ್ದಳು. ಪಕ್ಕದ ಮನೆಯವಳಿಗೆ ಹೇಳಿದ್ದರೆ ಅವಳ ಫೋನಿನಿಂದ ಅರ್ಧ ನಿಮಿಷದ ಕೆಲಸ. ನನಗೆ ನಾಚಿಕೆಯಾಗಿತ್ತು. ನನ್ನನ್ನು ದೊಡ್ಡ ಮನುಷ್ಯ ಎಂದು ನೆನಪಿಟ್ಟುಕೊಂಡವಳು ಲೋಕದಲ್ಲಿ ನೀನೊಬ್ಬಳೇ ಉಳಿದಿದ್ದೆ, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಹಾಗಾಗಿ ಈ ಎರಡನೆಯದೂ ನನ್ನ ಪಾಲಿಗೇ ಸೇರಿದ್ದು. ಪೂರ್ತಿ ನಿನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಡ.

ಝುಲ್ಫಾ ಕೇಳಿದ್ದಕ್ಕೆ ಉತ್ತರ: ಹೆಸರು ಗೊತ್ತಿಲ್ಲ. ಪಾಸ್‌ಪೋರ್ಟು ಏಳು ಗಂಟೆ ನನ್ನ ಖಾನೆಯಲ್ಲಿತ್ತು, ನಾನು ತೆರೆಯಲಿಲ್ಲ. ನಮ್ಮಲ್ಲಿ ಹಾಸಿಗೆಯ ನಂಬರು ಸಾಕಿತ್ತು. ನಲವತ್ತೇಳು ವರ್ಷ ಅವಳಿಗಾಗಿ ಪ್ರಾರ್ಥನೆ ಮಾಡಿದ್ದೇನೆ, ಹನ್ನೊಂದು ಎಂದೇ ಹೇಳಿ.

ಬರುವ ಭಾನುವಾರ ಇಲ್ಲಿನ ಇಗರ್ಜಿಯಲ್ಲಿ ಇಬ್ಬರಿಗಾಗಿ ಪೂಜೆ ಹೇಳಿಸಬೇಕೆಂದು ಪಾದ್ರಿಯವರ ಹತ್ತಿರ ಹೋದೆ. ಹೆಸರು ಬರೆದುಕೊಡಿ ಎಂದು ಚೀಟಿ ಕೊಟ್ಟರು. ಬರೆಯುವುದಕ್ಕೆ ಒಂದು ಹೆಸರೂ ಇರಲಿಲ್ಲ. ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ.

ಝುಲ್ಫಾಳ ತಾಯಿಯ ಹೆಸರನ್ನು ನೀನು ಎಲ್ಲಿಯೂ ಬರೆದಿಲ್ಲ, ಮಗಳೇ. ಹೋಗಿ ಕೇಳು. ಅವಳು ಒಪ್ಪಿದರೆ ನನಗೂ ತಿಳಿಸು.

ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ,
ಆಂತೋನಿ ಬಾಪ್ಪು